ಫಲಕದಲ್ಲಿ ಕನ್ನಡ ಇದೆ, ಗಾಡಿಯ ವೇಳೆಯಲ್ಲಿ ಕನ್ನಡಿಗ ಎಲ್ಲಿ?



ಚಿಕ್ಕಬಾಣಾವರ ಗೊತ್ತಲ್ಲ ನಿಮಗೆ? ಯಶವಂತಪುರ ದಾಟಿ ತುಮಕೂರಿನ ಕಡೆ ಹೊರಟ ರೈಲುಗಾಡಿಗೆ ಸಿಗುವ ಸಣ್ಣ ನಿಲ್ದಾಣ. ಅಲ್ಲಿಂದ ಒಂದು ಹಳಿ ತುಮಕೂರು, ಅರಸೀಕೆರೆಗೆ ಹೋಗುತ್ತದೆ. ಇನ್ನೊಂದು ಹಳಿ ಕವಲೊಡೆದು ನೆಲಮಂಗಲ, ಕುಣಿಗಲ್, ಯಡಿಯೂರು, ಹಿರೀಸಾವೆ, ಶ್ರವಣಬೆಳಗೊಳ, ಚನ್ನರಾಯಪಟ್ಟಣದ ಮೇಲೆ ಹಾಸನ ಮುಟ್ಟುತ್ತದೆ. ಪೋಸ್ಟರಿಗೆ ಚಿತ್ರ ತೆಗೆಯುವಂಥ ನಿಲ್ದಾಣವಲ್ಲ ಅದು. ಮಂತ್ರಿಗಳು ಹಸಿರು ಬಾವುಟ ಬೀಸಲು ಅಲ್ಲಿಗೆ ಹೋಗುವುದಿಲ್ಲ, ನಮ್ಮ ಹೋರಾಟಗಾರರೂ ಕಪ್ಪು ಮಸಿ ಹಿಡಿದು ಅಲ್ಲಿಗೆ ಹೋಗುವುದಿಲ್ಲ. ಎಲ್ಲರಿಗೂ ಮೆಜೆಸ್ಟಿಕ್ಕೇ ಬೇಕು!

ಆದರೆ ಆ ನಿಲ್ದಾಣದ ಮಗ್ಗುಲಲ್ಲಿ ಏನಿದೆ ನೋಡಿ. ಪೀಣ್ಯ ಇದೆ. 1970ರ ದಶಕದ ಕೊನೆಯಲ್ಲಿ ತಲೆ ಎತ್ತಿ, ನಾಡಿನಲ್ಲೇ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂದು ಹೆಸರಾದ ಪೀಣ್ಯ. ಲೇತು, ಮಿಲ್ಲಿಂಗು, ಎರಕ, ಪ್ಲಾಸ್ಟಿಕ್ಕು, ಗಾರ್ಮೆಂಟು ಎಲ್ಲವೂ ಅಲ್ಲಿ. ಅದರ ಸುತ್ತ ದಾಸರಹಳ್ಳಿ, ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರ, ಸುಂಕದಕಟ್ಟೆ. ಈ ಬಡಾವಣೆಗಳ ಒಂದು ಗಲ್ಲಿಗೆ ಹೋಗಿ, ‘ಯಾವೂರಪ್ಪಾ?’ ಎಂದು ಕೇಳಿ. ಒಬ್ಬ ಚನ್ನರಾಯಪಟ್ಟಣ ಎನ್ನುತ್ತಾನೆ, ಇನ್ನೊಬ್ಬ ಅರಕಲಗೂಡು, ಮತ್ತೊಬ್ಬಳು ಹೊಳೆನರಸೀಪುರದ ಹಳ್ಳಿಯವಳು. ನಮ್ಮ ಜಿಲ್ಲೆಯ ಅರ್ಧ ಸಂಸಾರ ಅಲ್ಲೇ ಬಾಡಿಗೆ ಮನೆಯಲ್ಲಿದೆಯೇನೋ ಅನ್ನಿಸುತ್ತದೆ.

ನಾನು ಹಾಸನ ಜಿಲ್ಲೆಯಲ್ಲಿ ಮುದ್ರಣಾಲಯ ಇಟ್ಟುಕೊಂಡು ಬದುಕುವವನು. ಓದಿದ್ದು ಪಿಯುಸಿ. ಮದುವೆ ಕಾಗದ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಚುನಾವಣೆಯ ಭಿತ್ತಿಪತ್ರ ಇವೇ ನನ್ನ ಅನ್ನ. ಮದುವೆ ಕಾಗದ ಅಚ್ಚು ಹಾಕುವವನಿಗೆ ಊರಿನ ಮಕ್ಕಳು ಎಲ್ಲಿಗೆ ಹೋದರೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ವರನ ವಿಳಾಸದಲ್ಲೇ ಗೊತ್ತಾಗುತ್ತದೆ.

ಅವರು ಯಾಕೆ ಹೋದರು? ಮೋಜಿಗೆ ಹೋದರೇ? ಚನ್ನರಾಯಪಟ್ಟಣದ ತೆಂಗಿಗೆ ನುಸಿ ಹತ್ತಿತು. ಹಾಸನದ ಆಲೂಗಡ್ಡೆಗೆ ಅಂಗಮಾರಿ ಬಡಿಯಿತು. ಅರಕಲಗೂಡಿನ ಹೊಗೆಸೊಪ್ಪು ಬೆಳೆದವನು ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಕೂಗುವ ದರಕ್ಕೆ ತಲೆ ಬಾಗಿಸಿ ಬಂದ. ಹೊಲ ಅಪ್ಪನಿಗೇ ಸಾಲದು, ಮೂವರು ಮಕ್ಕಳಿಗೆ ಎಲ್ಲಿಂದ ಸಾಲಬೇಕು? ಐಟಿಐ ಮುಗಿಸಿದವನು ಪೀಣ್ಯದ ದಾರಿ ಹಿಡಿದ. ಹತ್ತನೇ ತರಗತಿ ಮುಗಿಸಿದವಳು ಗಾರ್ಮೆಂಟಿನ ಹೊಲಿಗೆ ಯಂತ್ರದ ಮುಂದೆ ಕೂತಳು. ಬೆಂಗಳೂರನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ದೊಡ್ಡ ದೊಡ್ಡ ಕಂಪನಿಗಳ ಹೆಸರು ಹೇಳುವವರು ಇವರ ಕೈ ಒಮ್ಮೆ ಮುಟ್ಟಿ ನೋಡಲಿ.

ಇಂಥವರು ಊರಿಗೆ ಹೋಗಿ ಬರುವ ದಾರಿಯ ಬಾಗಿಲು ಚಿಕ್ಕಬಾಣಾವರ. ಆ ಬಾಗಿಲಲ್ಲಿ ಕನ್ನಡಿಗನಿಗೆ ಸಿಗುವ ಮರ್ಯಾದೆ ಎಷ್ಟು ಎಂಬುದೇ ಇವತ್ತಿನ ನನ್ನ ಪ್ರಶ್ನೆ.

ಇಪ್ಪತ್ತು ವರ್ಷ ಕಾಯಿಸಿದ ಹಳಿ

ಮೊದಲು ಈ ಹಳಿಯ ಕಥೆ ಕೇಳಿ. ಹಾಸನದಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1996-97ರಲ್ಲಿ. ಆಗ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಮಗ ಎಚ್.ಡಿ. ದೇವೇಗೌಡರೇ ದೇಶದ ಪ್ರಧಾನಿ. ಕನ್ನಡಿಗನೊಬ್ಬ ದೆಹಲಿಯ ಗದ್ದುಗೆ ಏರಿದಾಗ ಸಿಕ್ಕ ಮಾರ್ಗ ಅದು. ಅವರು ಇಳಿದರು, ಕಡತ ಮಲಗಿತು. 2006ರ ಮಹಾಮಸ್ತಕಾಭಿಷೇಕದ ಹೊತ್ತಿಗೆ ಹಾಸನದಿಂದ ಶ್ರವಣಬೆಳಗೊಳದವರೆಗೆ ಗಾಡಿ ಬಂತು. ಉಳಿದ ಭಾಗ ಪೂರ್ತಿಯಾಗಿ ಯಶವಂತಪುರ-ಹಾಸನ ಇಂಟರ್‌ಸಿಟಿ ಓಡಿದ್ದು 2017ರ ಮಾರ್ಚ್ 26ರಂದು. ಲೆಕ್ಕ ಹಾಕಿ, ಇಪ್ಪತ್ತು ವರ್ಷ! ಮಾರ್ಗ ಮಂಜೂರಾದಾಗ ಹುಟ್ಟಿದ ಮಗು ಐಟಿಐ ಮುಗಿಸಿ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಗಾಡಿ ಬಂತು. ಅಷ್ಟಾಗಿಯೂ ಹಾಕಿದ್ದು ಒಂಟಿ ಹಳಿ.

ಅರಕಲಗೂಡಿನವರ ಪಾಡು ಇನ್ನೂ ಕೇಳಬೇಡಿ. ಆ ತಾಲ್ಲೂಕಿಗೆ ಇವತ್ತಿಗೂ ರೈಲು ಇಲ್ಲ. ಅವರು ಬಸ್ಸು ಹಿಡಿದು ಹಾಸನಕ್ಕೋ ಹೊಳೆನರಸೀಪುರಕ್ಕೋ ಬರಬೇಕು. ಹೊಳೆನರಸೀಪುರಕ್ಕೆ ಬಂದರೆ ಅದು ಮೈಸೂರು-ಹಾಸನ-ಅರಸೀಕೆರೆ ಮಾರ್ಗ. ಬೆಂಗಳೂರಿಗೆ ಹೋಗಲು ಹಾಸನಕ್ಕೆ ಹೋಗಿ ಅಲ್ಲಿಂದ ತಿರುಗಬೇಕು, ಇಲ್ಲವೇ ಮೈಸೂರು ಸುತ್ತಬೇಕು.

ಇದರಲ್ಲಿ ಭಾಷೆ ಎಲ್ಲಿ ಬಂತು ಎಂದು ಕೇಳುತ್ತೀರಾ? ಬಂತು, ಹೇಳುತ್ತೇನೆ. ಭಾಷೆ ಎಂದರೆ ಬರೀ ಅಕ್ಷರವಲ್ಲ. ಆ ಭಾಷೆ ಆಡುವ ಜನ ಯಾವ ಹೊತ್ತಿಗೆ ಏಳುತ್ತಾರೆ, ಯಾವ ಹೊತ್ತಿಗೆ ಕೆಲಸಕ್ಕೆ ಹೋಗುತ್ತಾರೆ, ಯಾವ ದಿನ ಊರಿಗೆ ಹೋಗಬೇಕೆಂದು ಒದ್ದಾಡುತ್ತಾರೆ ಎಂದು ಕೇಳಿಸಿಕೊಳ್ಳುವ ಕಿವಿಯೂ ಭಾಷೆಯ ಹಕ್ಕೇ. ನಿಮ್ಮ ಮಾತು ಕೇಳದವನು ನಿಮ್ಮ ಲಿಪಿಯನ್ನು ಬಣ್ಣದಲ್ಲಿ ಬರೆದರೆಷ್ಟು, ಬಿಟ್ಟರೆಷ್ಟು?

ಪೀಣ್ಯದ ಕೆಲಸಗಾರ ದಿನವೂ ಹಾಸನಕ್ಕೆ ಹೋಗಿ ಬರುವುದಿಲ್ಲ. ಅವನಿಗೆ ಬೇಕಾಗಿರುವುದು ಶನಿವಾರದ ಪಾಳಿ ಬಿಟ್ಟ ಮೇಲೆ ಚಿಕ್ಕಬಾಣಾವರದಲ್ಲಿ ಹತ್ತಬಹುದಾದ ಗಾಡಿ, ಸೋಮವಾರ ಬೆಳಗಿನ ಪಾಳಿಗೆ ಸರಿಯಾಗಿ ಅಲ್ಲೇ ಇಳಿಸುವ ಗಾಡಿ. ನೆಲಮಂಗಲ, ಸೋಲೂರು, ಕುಣಿಗಲ್ಲಿನಿಂದ ದಿನಾ ಬರುವವನಿಗೆ ಬೇಕಾಗಿರುವುದು ಆರರ ಪಾಳಿ, ಎರಡರ ಪಾಳಿ, ರಾತ್ರಿ ಹತ್ತರ ಪಾಳಿಗೆ ಹೊಂದುವ ಸಾಧಾರಣ ಗಾಡಿ. ಕಾಯ್ದಿರಿಸದೆ ಹತ್ತುವ, ಸಣ್ಣ ನಿಲ್ದಾಣಗಳಲ್ಲೂ ನಿಲ್ಲುವ ಗಾಡಿ. ಮಂಗಳೂರಿಗೂ ಕಾರವಾರಕ್ಕೂ ಹೋಗುವ ಗಾಡಿಗಳು ಈ ಹಳಿಯ ಮೇಲೆ ಓಡುತ್ತವೆ, ಓಡಲಿ, ಅವೂ ನಮ್ಮವೇ. ಆದರೆ ದೂರದೂರಿನ ಗಾಡಿಗೆ ಹಳಿ ಹಾಕಿಕೊಟ್ಟ ಊರಿನವರು ಪ್ಲಾಟ್‌ಫಾರಂ ಮೇಲೆ ನಿಂತು ಕೈ ಬೀಸಿ ಕಳಿಸಬೇಕೇ?

ಇದರ ಮೇಲೆ ಇನ್ನೊಂದು ತೊಡಕು. ಹಾಸನ ಮೈಸೂರು ವಿಭಾಗಕ್ಕೆ ಸೇರಿದ್ದು, ಚಿಕ್ಕಬಾಣಾವರ ಬೆಂಗಳೂರು ವಿಭಾಗಕ್ಕೆ. ಹತ್ತುವವನು ಒಬ್ಬರ ಲೆಕ್ಕ, ಇಳಿಯುವವನು ಇನ್ನೊಬ್ಬರ ಲೆಕ್ಕ. ನಡುವೆ ಕೂತವನ ಗೋಳು ಯಾರ ಲೆಕ್ಕ?

‘ಬೋರ್ಡಿನಲ್ಲಿ ಕನ್ನಡ ಇದೆಯಲ್ಲ!’

ಈ ಮಾತನ್ನು ನೀವೂ ಕೇಳಿರುತ್ತೀರಿ. ಹೌದಪ್ಪಾ, ಇದೆ. ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಮೊದಲ ಸಾಲು ಕನ್ನಡ, ಎರಡನೆಯದು ಹಿಂದಿ, ಮೂರನೆಯದು ಇಂಗ್ಲಿಷ್. ಇದ್ದದ್ದನ್ನು ಇಲ್ಲ ಎನ್ನುವವನು ನಾನಲ್ಲ. ಆದರೆ ಆ ಫಲಕದ ಮೊದಲ ಸಾಲಿನಲ್ಲಿ ಚಿಕ್ಕಬಾಣಾವರ ಎಂದಿದ್ದರೂ ರೈಲ್ವೆಯ ಇಂಗ್ಲಿಷ್ ದಾಖಲೆಯಲ್ಲಿ ಅದು ‘ಚಿಕ್‌ಬಾನಾವರ್’! ನಮ್ಮ ‘ಚಿಕ್ಕ’ದ ಬಾಲ ಕತ್ತರಿಸಿ, ಕೊನೆಯ ಅಕಾರವನ್ನು ನುಂಗಿ, ಬ್ರಿಟಿಷ್ ಸಾಹೇಬನ ನಾಲಿಗೆಗೆ ತಕ್ಕಂತೆ ಮಾಡಿದ ಹೆಸರು ಇವತ್ತಿಗೂ ಕಂಪ್ಯೂಟರಿನಲ್ಲಿ ಕೂತಿದೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಸೇರಿ 12 ಊರುಗಳ ಇಂಗ್ಲಿಷ್ ಕಾಗುಣಿತ ತಿದ್ದಿಸಿದೆವು. ದೊಡ್ಡ ಊರಿಗೆ ದೊಡ್ಡ ಮಾನ ಸಿಕ್ಕಿತು. ಸಣ್ಣ ಊರಿಗೆ ಮಾನ ಬೇಡವೇ?

ಇನ್ನು ಟಿಕೆಟ್ಟು. ಅಚ್ಚಿನ ಕಸುಬಿನವನಾದ್ದರಿಂದ ಟಿಕೆಟ್ಟಿನ ಮೇಲೆ ನನ್ನ ಕಣ್ಣು ಸ್ವಲ್ಪ ಜಾಸ್ತಿ. ಮೊದಲು ಗಟ್ಟಿ ರಟ್ಟಿನ ಸಣ್ಣ ಟಿಕೆಟ್ಟು ಬರುತ್ತಿತ್ತು, ದಿನಾಂಕ ಒತ್ತುವ ಯಂತ್ರಕ್ಕೆ ‘ಟಕ್’ ಎಂದು ತುರುಕಿ ಕೊಡುತ್ತಿದ್ದರು. ಆಮೇಲೆ ಗಣಕದ ತೆಳು ಕಾಗದ ಬಂತು. ಅದರ ಮೇಲೆ ಹಿಂದಿ, ಇಂಗ್ಲಿಷ್ ಮಾತ್ರ. ಕರ್ನಾಟಕದ ಒಳಗೇ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಕನ್ನಡದ ಅಜ್ಜಿಯ ಕೈಯಲ್ಲಿ ಅವಳಿಗೆ ಓದಲು ಬಾರದ ಎರಡು ಲಿಪಿ! ಕನ್ನಡಿಗರು ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ, 2018ರ ಮಾರ್ಚಿನಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಕಾಯ್ದಿರಿಸದ ಟಿಕೆಟ್ಟಿನ ಮೇಲೆ ಕನ್ನಡ ಮೂಡತೊಡಗಿತು. ರೈಲು ನಮ್ಮ ನೆಲಕ್ಕೆ ಬಂದು ಒಂದೂವರೆ ಶತಮಾನ ಆದ ಮೇಲೆ! ಗಣಕಕ್ಕೆ ಕನ್ನಡ ಬರುವುದಿಲ್ಲ ಎಂದು ಅಲ್ಲಿಯವರೆಗೆ ಹೇಳುತ್ತಿದ್ದವರ ಗಣಕಕ್ಕೆ ಒಂದೇ ದಿನದಲ್ಲಿ ಕನ್ನಡ ಹೇಗೆ ಬಂತು? ಬಾರದೆ ಇದ್ದದ್ದು ಗಣಕಕ್ಕಲ್ಲ, ಮನಸ್ಸಿಗೆ.

ಅಚ್ಚಿನ ಲೆಕ್ಕ ನನಗೆ ಗೊತ್ತು. ಎರಡು ಭಾಷೆಯ ನಮೂನೆಗೆ ಮೂರನೆಯ ಭಾಷೆ ಸೇರಿಸಲು ತಗಲುವುದು ಚೂರು ಮಸಿ, ಒಂದಿಷ್ಟು ಜಾಗ. ಜಾಗ ಸಾಲದಿದ್ದರೆ ಹಾಳೆಯ ಬೆನ್ನು ಖಾಲಿ ಬಿದ್ದಿರುತ್ತದೆ. ಒಮ್ಮೆ ಒಂದು ಸಾರ್ವಜನಿಕ ಕಚೇರಿಯಲ್ಲಿ, ಯಾವುದೆಂದು ಹೇಳುವುದಿಲ್ಲ, ಕನ್ನಡದ ಅರ್ಜಿ ನಮೂನೆ ಕೇಳಿದೆ. ‘ಅಚ್ಚು ಹಾಕಿಸಿಲ್ಲ, ಖರ್ಚು’ ಎಂದರು. ಅವರ ಹಿಂದಿನ ಗೋಡೆಯ ಮೇಲೆ ಹಿಂದಿ ಪಕ್ಷಾಚರಣೆಯ ಬಣ್ಣದ ಬ್ಯಾನರು! ಸೆಪ್ಟೆಂಬರ್ 14 ಬಂದರೆ ಹಿಂದಿಗೆ ಹಣ ಇದೆ, ಬ್ಯಾನರು ಇದೆ, ಬಹುಮಾನ ಇದೆ. ಕನ್ನಡದ ನಮೂನೆಗೆ ಮಾತ್ರ ಖರ್ಚು. ಮಲತಾಯಿ ಧೋರಣೆ ಎಂದರೆ ಇನ್ನೇನು?

ಕೇಳಿಸದ ಮಾತು ಜೀವ ತೆಗೆಯುತ್ತದೆ

ಧ್ವನಿವರ್ಧಕದ ಮಾತಿಗೆ ಬನ್ನಿ. ಗಾಡಿ ಬರುವ ಹೊತ್ತಿನ ಮಾಮೂಲು ಪ್ರಕಟಣೆ ಮುದ್ರಿತ ದನಿಯಲ್ಲಿ ಕನ್ನಡದಲ್ಲೂ ಬರುತ್ತದೆ, ಸರಿ. ಎಲ್ಲವೂ ಸರಿಯಾಗಿ ನಡೆಯುವಾಗ ಪ್ರಕಟಣೆ ಯಾರಿಗೆ ಬೇಕು? ಗಾಡಿ ಬೇರೆ ಪ್ಲಾಟ್‌ಫಾರಂಗೆ ಬರುವಾಗ, ಗಾಡಿ ರದ್ದಾದಾಗ, ‘ಹಳಿ ದಾಟಬೇಡಿ’ ಎಂದು ಥಟ್ಟನೆ ಕೂಗಬೇಕಾದಾಗ ಬೇಕು. ಆ ಗಳಿಗೆಯಲ್ಲಿ ಮೈಕಿನ ಮುಂದೆ ಕೂತವನ ಬಾಯಲ್ಲಿ ಕನ್ನಡ ಬರಬೇಕು.

ಇದು ಬರೀ ಅಭಿಮಾನದ ಮಾತಲ್ಲ. 2025ರ ಫೆಬ್ರವರಿ 15ರ ರಾತ್ರಿ ನವದೆಹಲಿ ನಿಲ್ದಾಣದಲ್ಲಿ ಕುಂಭಮೇಳಕ್ಕೆ ಹೊರಟ ಜನರ ನೂಕುನುಗ್ಗಲಲ್ಲಿ 18 ಜನ ಸತ್ತರು. ಒಂದೇ ಬಗೆಯ ಹೆಸರಿನ ಎರಡು ಪ್ರಯಾಗರಾಜ್ ಗಾಡಿಗಳ ಪ್ರಕಟಣೆಯಿಂದ ಜನ ಗೊಂದಲಕ್ಕೆ ಬಿದ್ದರೆಂದು ಪೊಲೀಸರೇ ಹೇಳಿದರು. ಮುಂಬೈನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣ ನೋಡಿ, ಗಿರಣಿ ಕೆಲಸಗಾರರ ಪ್ರದೇಶಕ್ಕೆಂದೇ ಇದ್ದ ಸಣ್ಣ ನಿಲ್ದಾಣ. ಗಿರಣಿ ಹೋಗಿ ಕಚೇರಿ ಬಂದವು, ಜನ ಹೆಚ್ಚಾದರು, ಮೇಲ್ಸೇತುವೆ ಮಾತ್ರ ಹಳೆಯದೇ. 2017ರ ಸೆಪ್ಟೆಂಬರ್ 29ರಂದು ಮಳೆಯಲ್ಲಿ ಅದರ ಮೆಟ್ಟಿಲ ಮೇಲೆ ತುಳಿತಕ್ಕೆ ಸಿಕ್ಕಿ 20ಕ್ಕೂ ಹೆಚ್ಚು ಜನ ಸತ್ತರು. ‘ಫೂಲ್’ ಅಂದರೆ ಹೂವು ಬಿತ್ತು ಎಂದು ಯಾರೋ ಕೂಗಿದ್ದು ‘ಪುಲ್’ ಅಂದರೆ ಸೇತುವೆ ಬಿತ್ತು ಎಂದು ಕೇಳಿಸಿತೆಂದು ಬದುಕುಳಿದವರೊಬ್ಬರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಎರಡೂ ಹಿಂದಿ ಬಲ್ಲ ಜನರ ನಡುವೆ ನಡೆದ ದುರಂತ. ಗೊತ್ತಿರುವ ಭಾಷೆಯಲ್ಲೇ ಮಾತು ತಪ್ಪಿ ಕೇಳಿಸಿದರೆ ಹೀಗೆ. ಇನ್ನು ಗೊತ್ತಿಲ್ಲದ ಭಾಷೆಯಲ್ಲಿ ಎಚ್ಚರಿಕೆ ಕೂಗಿದರೆ ಹಿರೀಸಾವೆಯ ರೈತನ ಗತಿ ಏನು, ರಾತ್ರಿ ಪಾಳಿ ಮುಗಿಸಿ ಬಂದ ಗಾರ್ಮೆಂಟು ಹೆಣ್ಣುಮಗಳ ಗತಿ ಏನು?

ಅದೇ ನ್ಯಾಯದಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಪೀಣ್ಯದಲ್ಲಿ ಇವತ್ತು ಒಡಿಶಾದ, ಬಿಹಾರದ, ಉತ್ತರ ಪ್ರದೇಶದ ಹುಡುಗರೂ ದುಡಿಯುತ್ತಿದ್ದಾರೆ. ಅವರಿಗೂ ತಿಳಿಯುವ ಭಾಷೆಯಲ್ಲಿ ಎಚ್ಚರಿಕೆ ಕೊಡಲಿ, ಬೇಡ ಎನ್ನುವವನು ಮನುಷ್ಯನೇ ಅಲ್ಲ. ನಮ್ಮ ಜಗಳ ಆ ಹುಡುಗರ ಜೊತೆಗಲ್ಲ. ಹೊಟ್ಟೆಪಾಡಿಗೆ ಬಂದವನ ಮೇಲೆ ಕೈ ಮಾಡುವುದು ಶೌರ್ಯವಲ್ಲ, ಹೇಡಿತನ. ಪರೀಕ್ಷೆ ಬರೆಯಲು ಬಂದ ಬಡ ಹುಡುಗನನ್ನು ಓಡಿಸಿದರೆ ನಿಯಮ ಮಾಡಿದವನ ಕುರ್ಚಿ ಒಂದಿಂಚೂ ಅಲುಗದು. ನಮ್ಮ ಜಗಳ ನಿಯಮ ಮಾಡುವವನ ಜೊತೆ.

ಕಾನೂನು ನಿಮ್ಮ ಕಡೆಗೂ ಇದೆ, ಓದಿದ್ದೀರಾ?

ನಿಯಮ ಏನು ಹೇಳುತ್ತದೆ? ಸಂವಿಧಾನದ 343ನೇ ವಿಧಿ ಹಿಂದಿಯನ್ನು ಕೇಂದ್ರದ ಆಡಳಿತ ಭಾಷೆ ಮಾಡಿತು. 1976ರ ಆಡಳಿತ ಭಾಷಾ ನಿಯಮಗಳು ದೇಶವನ್ನು ಕ, ಖ, ಗ ಎಂದು ಮೂರು ವಲಯ ಮಾಡಿ ಕರ್ನಾಟಕವನ್ನು ಕೊನೆಯ ಬೆಂಚಿನಲ್ಲಿ, ‘ಗ’ ವಲಯದಲ್ಲಿ ಕೂರಿಸಿದವು. ನಮ್ಮ ತೆರಿಗೆ ಮಾತ್ರ ‘ಕ’ ವಲಯದ್ದು! ಇದನ್ನು ಬದಲಿಸಲು ದೆಹಲಿಯಲ್ಲಿ ದನಿ ಎತ್ತಬೇಕಾದವರು ನಾವು ಆರಿಸಿ ಕಳಿಸಿದ ಸಂಸದರು. ಅವರನ್ನು ಕೇಳುವುದು ನಮ್ಮ ಕೆಲಸ.

ಆದರೆ ಅದೇ ಸಂವಿಧಾನದಲ್ಲಿ 350ನೇ ವಿಧಿಯೂ ಇದೆ. ತನಗಾದ ಅನ್ಯಾಯದ ಪರಿಹಾರಕ್ಕಾಗಿ ಯಾವ ಪ್ರಜೆಯೂ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡಬಹುದು ಎನ್ನುತ್ತದೆ ಅದು. ಅಂದರೆ ಹುಬ್ಬಳ್ಳಿಯ ನೈರುತ್ಯ ರೈಲ್ವೆಯ ಜನರಲ್ ಮ್ಯಾನೇಜರಿಗೆ ಅಚ್ಚ ಕನ್ನಡದಲ್ಲಿ ಅರ್ಜಿ ಕೊಡುವುದು ನಿಮ್ಮ ಹಕ್ಕು. 2005ರ ಮಾಹಿತಿ ಹಕ್ಕು ಕಾಯಿದೆಯ 6ನೇ ಕಲಂ ಕೂಡ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಅರ್ಜಿ ಹಾಕಬಹುದೆಂದು ಹೇಳುತ್ತದೆ. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ‘ಇಂಗ್ಲಿಷಿನಲ್ಲಿ ಬರೆದು ತನ್ನಿ’ ಎಂದು ನಿಮ್ಮನ್ನು ವಾಪಸು ಕಳಿಸಿದರೆ ಕಾನೂನು ಮುರಿದವನು ಅವನು.

ಹಿಂದಿನವರು ಇದನ್ನೆಲ್ಲ ಮಾಡಿಯೇ ಪಡೆದರು. ಮೈಸೂರು ಸಂಸ್ಥಾನಕ್ಕೆ ತನ್ನದೇ ರೈಲ್ವೆ ಇತ್ತು. 1951ರಲ್ಲಿ ಅದು ದಕ್ಷಿಣ ರೈಲ್ವೆಯೊಳಗೆ ಕರಗಿ ಹೋಯಿತು, ನಮ್ಮ ಹಳಿಯ ಯಜಮಾನಿಕೆ ಮದರಾಸಿಗೆ ಹೋಯಿತು. ಕನ್ನಡ ನೆಲದ ರೈಲಿಗೆ ಕನ್ನಡ ನೆಲದಲ್ಲೇ ಕೇಂದ್ರ ಕಚೇರಿ ಬೇಕೆಂದು ಹೋರಾಡಿ ಹುಬ್ಬಳ್ಳಿಯಲ್ಲಿ ನೈರುತ್ಯ ರೈಲ್ವೆ ಆರಂಭವಾಗಲು 2003ರ ಏಪ್ರಿಲ್ 1 ಬರಬೇಕಾಯಿತು. ಅರ್ಧ ಶತಮಾನದ ಮೇಲೆ! ಕಚೇರಿ ಬಂತು. ಕಚೇರಿಯೊಳಗೆ ಕನ್ನಡ ಎಷ್ಟು ಬಂತು?

ಮಸಿ ಹಚ್ಚುವ ಕೈಗೆ ಲೇಖನಿಯೂ ಬೇಕು

ಇನ್ನು ನಿಮಗೇ ಒಂದು ಖಾರದ ಮಾತು, ಬೇಜಾರು ಬೇಡ.

ಗೋಕಾಕ್ ಚಳವಳಿಯಲ್ಲಿ ನಿಮ್ಮ ಅಪ್ಪಂದಿರು ಬೀದಿಗೆ ಬಂದರು. 1986ರಲ್ಲಿ ಸರೋಜಿನಿ ಮಹಿಷಿ ಅವರ ವರದಿ ಬಂತು. ಕೇಂದ್ರದ ಕಚೇರಿ, ಉದ್ದಿಮೆಗಳ ಕೆಳದರ್ಜೆಯ ಹುದ್ದೆ ಕನ್ನಡಿಗರಿಗೇ ಸಿಗಬೇಕೆಂದು ಅದು ಹೇಳಿತು. ಅಂದಿನಿಂದ ಪ್ರತಿ ನವೆಂಬರಿನಲ್ಲೂ ‘ಮಹಿಷಿ ವರದಿ ಜಾರಿಯಾಗಲಿ’ ಎಂದು ಕೂಗುತ್ತಿದ್ದೇವೆ. ನಾನೇ ಎಷ್ಟೋ ಕರಪತ್ರ ಅಚ್ಚು ಹಾಕಿದ್ದೇನೆ. ಕೂಗಬೇಕು, ಬಿಡಬಾರದು.

ಆದರೆ ಈಗ ತೆರೆದಿರುವ ಬಾಗಿಲಿನ ಕಡೆ ಯಾಕೆ ನೋಡುವುದಿಲ್ಲ? ರೈಲ್ವೆ ನೇಮಕಾತಿ ಮಂಡಳಿಯ ಪರೀಕ್ಷೆಯನ್ನು ಇಂದು 15 ಭಾಷೆಗಳಲ್ಲಿ ಬರೆಯಬಹುದು, ಅದರಲ್ಲಿ ಕನ್ನಡವೂ ಒಂದು. ಅದಕ್ಕಾಗಿ ಹಿಂದಿನವರು ಲಾಠಿ ಏಟು ತಿಂದಿದ್ದಾರೆ. ಹಳಿ ಕಾಯುವ, ಪಾಯಿಂಟ್ ತಿರುಗಿಸುವ ಮೊದಲ ಹಂತದ ಹುದ್ದೆಗೆ ಹತ್ತನೇ ತರಗತಿ ಅಥವಾ ಐಟಿಐ ಸಾಕು. ಟಿಕೆಟ್ ಗುಮಾಸ್ತನ ಕೆಲಸಕ್ಕೆ ಪಿಯುಸಿ. ಗಾಡಿ ಓಡಿಸುವ ಸಹಾಯಕ ಲೋಕೋ ಪೈಲಟ್‌ಗೆ ಐಟಿಐ ಇಲ್ಲವೇ ಡಿಪ್ಲೊಮಾ. ಪೀಣ್ಯದಲ್ಲಿ ಗುತ್ತಿಗೆ ಕೂಲಿಗೆ ಹನ್ನೆರಡು ಗಂಟೆ ದುಡಿಯುತ್ತಿರುವ ನಮ್ಮ ಹುಡುಗರ ಹತ್ತಿರ ಈ ಸರ್ಟಿಫಿಕೇಟುಗಳೆಲ್ಲ ಇವೆ. ಬಿಹಾರದ ಹುಡುಗ ಈ ಪರೀಕ್ಷೆಗೆ ವರ್ಷಗಟ್ಟಲೆ ಕೂತು ಓದುತ್ತಾನೆ. ನಮ್ಮವನಿಗೆ ಅಧಿಸೂಚನೆ ಬಂದದ್ದೇ ಗೊತ್ತಿರುವುದಿಲ್ಲ. ಕೌಂಟರಿನಲ್ಲಿ ಕನ್ನಡ ಬಲ್ಲವನು ಕೂರಬೇಕೆಂದರೆ ಕನ್ನಡ ಬಲ್ಲವನು ಮೊದಲು ಪರೀಕ್ಷೆಗೆ ಕೂರಬೇಕು. ಸೇರಿದ ಮೇಲೂ ಹೋರಾಟ ಮುಗಿಯದು. ಇಲಾಖೆಯೊಳಗಿನ ಬಡ್ತಿ ಪರೀಕ್ಷೆಗೂ ಕನ್ನಡ ಬೇಕೆಂದು 2024ರಲ್ಲಿ ಕೂಗು ಎದ್ದದ್ದು ನೆನಪಿರಲಿ.

ಫಲಕದ ಹೋರಾಟವನ್ನು ನಾನು ಹಗುರ ಮಾಡುತ್ತಿಲ್ಲ. 2017ರಲ್ಲಿ ನಮ್ಮ ಮೆಟ್ರೋದಲ್ಲಿ ಹಿಂದಿ ಯಾಕೆ ಎಂದು ಯುವಕರು ಎದ್ದು ನಿಂತಿದ್ದಕ್ಕೇ ಆ ಫಲಕಗಳು ಇಳಿದವು. 2023ರ ಡಿಸೆಂಬರ್ 27ರ ಹೋರಾಟದಿಂದಲೇ ಅಂಗಡಿ ಫಲಕದಲ್ಲಿ ಶೇ. 60 ಕನ್ನಡ ಎಂಬ ಕಾನೂನು 2024ರಲ್ಲಿ ಗಟ್ಟಿಯಾಯಿತು. ಗೆದ್ದದ್ದು ಗೆದ್ದದ್ದೇ. ಆದರೆ ಫಲಕ ಗೆದ್ದವರು ಫಲಕದ ಕೆಳಗೇ ಫೋಟೋ ತೆಗೆಸಿಕೊಂಡು ಮನೆಗೆ ಹೋದರೆ, ಒಳಗಿನ ಕೌಂಟರು, ನಮೂನೆ, ಮೈಕು, ವೇಳಾಪಟ್ಟಿ ಯಾರ ಪಾಲಾಗುತ್ತವೆ?

ಮಲ್ಲಿಗೆ ಅರಳುವ ಮೊದಲೇ ಕೇಳಿ

ಈಗ ಕೇಳಲು ಒಳ್ಳೆಯ ಹೊತ್ತು. ಬೆಂಗಳೂರಿನ ಉಪನಗರ ರೈಲಿಗೆ 2020ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 148 ಕಿಲೋಮೀಟರು, 15,767 ಕೋಟಿ ರೂಪಾಯಿ, ನಾಲ್ಕು ಮಾರ್ಗ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರು ಇಟ್ಟರು. ಹೆಸರು ಚೆಂದ. ಇದರಲ್ಲಿ 25 ಕಿಲೋಮೀಟರಿನ ಮಲ್ಲಿಗೆ ಮಾರ್ಗ ಬೈಯಪ್ಪನಹಳ್ಳಿಯಿಂದ ಹೊರಟು ಬಂದು ಮುಗಿಯುವುದು ಎಲ್ಲಿ? ನಮ್ಮ ಚಿಕ್ಕಬಾಣಾವರದಲ್ಲಿ! 2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿ ಅಡಿಗಲ್ಲು ಹಾಕಿ, 40 ವರ್ಷ ಆಗದ ಕೆಲಸವನ್ನು 40 ತಿಂಗಳಲ್ಲಿ ಮಾಡುವ ಭರವಸೆ ಕೊಟ್ಟರು. ಆ 40 ತಿಂಗಳು 2025ರ ಅಕ್ಟೋಬರಿಗೆ ತುಂಬಿತು. ಮಲ್ಲಿಗೆ ಅರಳಲಿಲ್ಲ.

ತಡವಾದದ್ದು ಅನ್ಯಾಯ. ಆದರೆ ತಡವಾಗಿರುವುದರಿಂದಲೇ ಒಂದು ಅವಕಾಶ ಇದೆ. ಈ ರೈಲು ಕಟ್ಟುತ್ತಿರುವ ಕೆ-ರೈಡ್ ಸಂಸ್ಥೆಯಲ್ಲಿ ಕರ್ನಾಟಕ ಸರ್ಕಾರದ ಪಾಲು ಶೇ. 51. ‘ದೆಹಲಿ ಕೇಳುತ್ತಿಲ್ಲ’ ಎಂದು ಕೈ ತೊಳೆದುಕೊಳ್ಳಲು ವಿಧಾನಸೌಧದವರಿಗೆ ಇಲ್ಲಿ ದಾರಿಯೇ ಇಲ್ಲ. ಪ್ರಕಟಣೆ, ಟಿಕೆಟ್ ಯಂತ್ರ, ದೂರು ನಮೂನೆ, ಕಾವಲು ಸಿಬ್ಬಂದಿ, ಗುತ್ತಿಗೆ ನೌಕರಿ ಎಲ್ಲದರಲ್ಲೂ ಕನ್ನಡ ಮೊದಲು ಎಂಬುದನ್ನು ಟೆಂಡರಿನಲ್ಲೇ ಬರೆಸಬೇಕು. ಕಟ್ಟಿದ ಮೇಲೆ ಮಸಿ ಹಚ್ಚುವುದಕ್ಕಿಂತ ಕಟ್ಟುವ ಮೊದಲೇ ಬರೆಸುವುದು ಸುಲಭ. ಯಾವ ಅಚ್ಚಿನ ಮನೆಯವನನ್ನಾದರೂ ಕೇಳಿ, ತಪ್ಪು ತಿದ್ದಬೇಕಾದದ್ದು ಕರಡಿನಲ್ಲಿ. ಸಾವಿರ ಪ್ರತಿ ಅಚ್ಚಾದ ಮೇಲೆ ತಿದ್ದುವವನು ಕೈಯಿಂದ ಚೀಟಿ ಅಂಟಿಸುತ್ತಾ ಕೂರಬೇಕು.

ಇನ್ನೊಂದು ಮಾತು. ಮಲ್ಲಿಗೆ ಚಿಕ್ಕಬಾಣಾವರಕ್ಕೆ ಬಂದು ನಿಲ್ಲುತ್ತದೆ. ಆದರೆ ಪೀಣ್ಯದ ದುಡಿಮೆಗಾರ ಅಲ್ಲಿಗೆ ನಿಲ್ಲುವುದಿಲ್ಲ, ಅವನ ಊರು ಅದರಾಚೆ ಶುರುವಾಗುತ್ತದೆ. ಉಪನಗರ ರೈಲು ಬಂದು ನಿಲ್ಲುವ ಹೊತ್ತಿಗೆ ಹಾಸನದ ಗಾಡಿ ಅಲ್ಲಿ ಸಿಗಬೇಕು, ಹಾಸನದ ಗಾಡಿ ಬಂದ ಹೊತ್ತಿಗೆ ಉಪನಗರ ರೈಲು ಸಿಗಬೇಕು. ಎರಡು ವೇಳಾಪಟ್ಟಿಯನ್ನು ಒಟ್ಟಿಗೆ ಕೂರಿಸಿ ಮಾತಾಡಿಸದಿದ್ದರೆ ಹಳಿ ಪಕ್ಕದಲ್ಲಿದ್ದೂ ಪರದೇಶಿ.

ಏನು ಮಾಡಬೇಕು?

ಒಂದು. ಮುಂದಿನ ಭಾನುವಾರ ನಿಮ್ಮ ಸಂಘದ ಐದು ಜನ ನಿಮಗೆ ಹತ್ತಿರದ ಸಣ್ಣ ನಿಲ್ದಾಣಕ್ಕೆ ಹೋಗಿ. ಗಲಾಟೆ ಬೇಡ, ಘೋಷಣೆ ಬೇಡ. ನೋಟ್‌ಪುಸ್ತಕ ಹಿಡಿದು ನಾಲ್ಕು ಗಂಟೆ ನಿಲ್ಲಿ. ಕೌಂಟರಿನಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಬಂತೇ? ಟಿಕೆಟ್ಟಿನ ಮೇಲೆ ಕನ್ನಡ ಇತ್ತೇ? ಥಟ್ಟನೆ ಕೊಟ್ಟ ಪ್ರಕಟಣೆ ಯಾವ ಭಾಷೆಯಲ್ಲಿ ಬಂತು? ದೂರು ಪುಸ್ತಕ ಕೇಳಿದಾಗ ಕೊಟ್ಟರೇ? ಕಂಡದ್ದನ್ನು ಗಂಟೆ ನಿಮಿಷ ಸಮೇತ ಬರೆಯಿರಿ. ಸರಿ ಇದ್ದದ್ದನ್ನು ಸರಿ ಇದೆ ಎಂದೇ ಬರೆಯಿರಿ. ಸುಳ್ಳು ಸೇರಿಸಿದರೆ ನಿಮ್ಮ ನಿಜವೂ ಸಾಯುತ್ತದೆ.

ಎರಡು. ಆ ಪಟ್ಟಿ ಇಟ್ಟು 350ನೇ ವಿಧಿಯ ಹೆಸರು ಹೇಳಿ ಕನ್ನಡದಲ್ಲಿ ಮನವಿ ಬರೆಯಿರಿ. ಮೈಸೂರು ವಿಭಾಗಕ್ಕೊಂದು, ಬೆಂಗಳೂರು ವಿಭಾಗಕ್ಕೊಂದು, ಹುಬ್ಬಳ್ಳಿಗೊಂದು, ನಿಮ್ಮ ಸಂಸದರಿಗೊಂದು. ಶನಿವಾರ ಸಂಜೆ, ಸೋಮವಾರ ಬೆಳಗಿನ ಗಾಡಿಯ ಬೇಡಿಕೆಯನ್ನು ಅದರ ಮೊದಲ ಸಾಲಿನಲ್ಲೇ ಇಡಿ. ಕಾರ್ಖಾನೆ ಗೇಟಿನಲ್ಲಿ ನಿಂತು ಸಹಿ ಹಾಕಿಸಿ. ಸಹಿ ಹಾಕುವವನ ಊರು, ತಾಲ್ಲೂಕು, ಪಾಳಿಯ ಹೊತ್ತು ಮೂರನ್ನೂ ಬರೆಸಿ. ಆಗ ಅದು ಗೋಳಾಗಿ ಉಳಿಯುವುದಿಲ್ಲ, ಲೆಕ್ಕವಾಗುತ್ತದೆ.

ಮೂರು. ಸೀಸನ್ ಟಿಕೆಟ್ಟಿನ ಬಗ್ಗೆ ತಿಳಿದುಕೊಳ್ಳಿ. 150 ಕಿಲೋಮೀಟರಿನವರೆಗೆ ಅದು ಸಿಗುತ್ತದೆ. ಚನ್ನರಾಯಪಟ್ಟಣದಿಂದ ಚಿಕ್ಕಬಾಣಾವರ ಆ ಮಿತಿಯ ಒಳಗೇ ಇದೆ. ಹೆಚ್ಚು ಜನ ಕೊಂಡಷ್ಟೂ ಗಾಡಿ ಕೇಳಲು ನಮ್ಮ ಕೈಯಲ್ಲಿ ಪುರಾವೆ ಹೆಚ್ಚು.

ನಾಲ್ಕು. ರೈಲ್ವೆ ಅಧಿಸೂಚನೆ ಬಂದ ದಿನವೇ ಅದರ ಕನ್ನಡ ಸಾರಾಂಶ ಪ್ರತಿ ಹಳ್ಳಿಯ ಹಾಲಿನ ಡೇರಿಯ ಗೋಡೆಗೆ, ಪ್ರತಿ ಐಟಿಐ ಬಾಗಿಲಿಗೆ ಅಂಟಬೇಕು. ಅಂಟಿಸುವ ಕೆಲಸ ನಿಮ್ಮದು. ನಮ್ಮ ನಾಲ್ಕು ತಾಲ್ಲೂಕಿಗೆ ಬೇಕಾದಷ್ಟನ್ನು ಕಾಗದದ ಬೆಲೆಗೇ ಅಚ್ಚು ಹಾಕಿ ಕೊಡುವ ಕೆಲಸ ನನ್ನದು. ಮನವಿಯ ನಮೂನೆಗೂ ಅಷ್ಟೇ. ಬೇರೆ ಊರುಗಳ ಮುದ್ರಕರೂ ಹೀಗೇ ಮುಂದೆ ಬರಲಿ. ಕನ್ನಡದಿಂದ ಅನ್ನ ತಿಂದ ಕಸುಬು ನಮ್ಮದು, ಇಷ್ಟೂ ಮಾಡದಿದ್ದರೆ ಆ ಅನ್ನ ಅರಗೀತೇ?

ಗೆಳೆಯರೇ, ಹಳದಿ ಫಲಕದ ಮೇಲಿನ ಮೊದಲ ಸಾಲು ನಮ್ಮದು. ಆ ಸಾಲು ಓದಬಲ್ಲವನು ಶನಿವಾರ ರಾತ್ರಿ ಊಟದ ಹೊತ್ತಿಗೆ ಅವ್ವನ ಮನೆ ಸೇರಬೇಕು, ಸೋಮವಾರ ಪಾಳಿ ತಪ್ಪದೆ ಬಂದು ಇಳಿಯಬೇಕು, ಕೌಂಟರಿನಲ್ಲಿ ತಲೆ ತಗ್ಗಿಸದೆ ತನ್ನ ಮಾತಿನಲ್ಲೇ ಟಿಕೆಟ್ಟು ಕೇಳಬೇಕು. ಅಲ್ಲಿಯವರೆಗೆ ಚಿಕ್ಕಬಾಣಾವರದ ಹೋರಾಟ ಮುಗಿದಿಲ್ಲ, ಕನ್ನಡದ ಹೋರಾಟವೂ ಮುಗಿದಿಲ್ಲ.

ಅರ್ಜಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಇವತ್ತೇ ಬರೆಯಿರಿ.

ಸಿರಿಗನ್ನಡಂ ಗೆಲ್ಗೆ!